ಮರಳಿ ಗದ್ದುಗೆಗೆ

ಅಧಿಕಾರವನ್ನು ಕಳೆದುಕೊಂಡವನು ಅದನ್ನು ಮತ್ತೆ ಬಯಸುವುದು ಮನುಷ್ಯಸಹಜ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ನಿಕೊಲಾ ಸರ್ಕೋಜಿ 2012ರಲ್ಲಿ ಸೋತು, 2014ರಲ್ಲಿ ಪಕ್ಷದ ನಾಯಕತ್ವಕ್ಕೆ ಹಿಂದಿರುಗಿದರು. ಆದರೆ 2016ರಲ್ಲಿ ಮತ್ತೆ ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಬಯಸಿದಾಗ ಅವರ ಪಾಳೆಯದ ಮತದಾರರೇ ಅವರನ್ನು ಮೊದಲ ಸುತ್ತಿನಲ್ಲಿ ಮೂರನೆಯ ಸ್ಥಾನಕ್ಕೆ ಇಳಿಸಿದರು. ನಮ್ಮಲ್ಲಿ ಇಂದಿರಾ ಗಾಂಧಿಯವರು 1977ರಲ್ಲಿ ರಾಯಬರೇಲಿಯಲ್ಲಿ ಸೋತು, 1978ರಲ್ಲಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರೆದುರು ಗೆದ್ದು, 1980ರಲ್ಲಿ ಪ್ರಧಾನಿಯಾಗಿ ಮರಳಿದರು. ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಏಕೆ ತೆರೆಯಲಿಲ್ಲ? ಹೊಸಪೇಟೆಯವನಾದ ನನಗೆ ಈ ಪ್ರಶ್ನೆಯೆದುರು ನೆನಪಾಗುವವನು ಅಳಿಯ ರಾಮರಾಯ.

ರಾಮರಾಯನ ಹೆಸರು ಬಂದೊಡನೆ ನಮಗೆ 1565ರ ಯುದ್ಧ ಕಣ್ಣೆದುರು ನಿಲ್ಲುತ್ತದೆ. ಅದಕ್ಕೆ ಮುಂಚೆ ಅವನು ಸೋತು ಹಿಂದೆ ಸರಿದವನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಗೋಲ್ಕೊಂಡದ ಒಂದು ಇತಿಹಾಸಗ್ರಂಥದ ಪ್ರಕಾರ ಅವನು ಮೊದಲು ಅಲ್ಲಿಯ ಸುಲ್ತಾನನ ಸೇವೆಯಲ್ಲಿದ್ದು, ಹೇಡಿಯೆಂಬ ಅಪವಾದ ಹೊತ್ತು ಹೊರಬಿದ್ದವನು. ಬಳಿಕ ಕೃಷ್ಣದೇವರಾಯನ ಆಶ್ರಯಕ್ಕೆ ಬಂದು, ಅವನ ಮಗಳ ಕೈಹಿಡಿದು 'ಅಳಿಯ'ನಾದನು.

1529ರಲ್ಲಿ ಕೃಷ್ಣದೇವರಾಯ ತೀರಿಕೊಂಡನು. ತನ್ನ ನಂತರ ತಮ್ಮನಾದ ಅಚ್ಯುತರಾಯನು ಆಳಬೇಕೆಂಬುದು ಅವನ ಇಚ್ಛೆಯಾಗಿತ್ತು. ಅಚ್ಯುತ ಆಗ ಚಂದ್ರಗಿರಿಯಲ್ಲಿದ್ದ. ಆ ಸಂದಿನಲ್ಲಿ ರಾಮರಾಯ ಕೃಷ್ಣದೇವರಾಯನ ಎಳೆಯ ಮಗನನ್ನು ಮುಂದಿಟ್ಟುಕೊಂಡು ಅಧಿಕಾರ ಹಿಡಿಯಲು ಹವಣಿಸಿದನು, ಕೈಗೂಡಲಿಲ್ಲ. ಆದರೂ ಅವನು ಸುಮ್ಮನಾಗಲಿಲ್ಲ. ಕೆಲವು ವರ್ಷಗಳಲ್ಲೇ ಅಚ್ಯುತನನ್ನು ಸೆರೆಯಲ್ಲಿಟ್ಟು ತಾನೇ ಕಿರೀಟ ಧರಿಸಲು ಹೊರಟನು. ನಾಯಕರೂ ಸಾಮಂತರೂ ಇದನ್ನು ಒಪ್ಪಲಿಲ್ಲ. ಅಳಿಯತನ ಮನೆಯೊಳಗಿನ ಸಂಬಂಧ; ಅದು ಸಿಂಹಾಸನದ ಹಕ್ಕಾಗಲಾರದೆಂಬುದು ಅವರ ಎಣಿಕೆ. ಆಗ ಅವನು ಅಚ್ಯುತನ ಅಣ್ಣನ ಮಗ ಸದಾಶಿವನ ಹೆಸರು ಹಿಡಿದನು. ಆದರೆ ದಂಡಯಾತ್ರೆಗೆಂದು ದಕ್ಷಿಣಕ್ಕೆ ಹೋದಾಗ ರಾಜಧಾನಿಯಲ್ಲಿ ಅಚ್ಯುತನಿಗೆ ಬಿಡುಗಡೆಯಾಯಿತು.

ಈ ಒಳಜಗಳದ ಬೆಲೆಯನ್ನು ತೆತ್ತವರು ಯಾರು? ಬಿಜಾಪುರದ ಇಬ್ರಾಹಿಂ ಆದಿಲ್ ಶಾಹ ಸಮಯ ನೋಡಿ ದಂಡೆತ್ತಿ ಬಂದನು. ಅವನು ನಾಗಲಾಪುರವನ್ನು ನೆಲಸಮ ಮಾಡಿದನೆಂದು ಆ ಕಾಲದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಆ ನಾಗಲಾಪುರವೇ ಇಂದಿನ ಹೊಸಪೇಟೆಯೆಂದು ವಿದ್ವಾಂಸರ ಮತ. ಗದ್ದುಗೆ ಯಾರದೆಂದು ಇಬ್ಬರು ಸೆಣಸುತ್ತಿದ್ದಾಗ ಉರುಳಿದ್ದು ಒಕ್ಕಲಿಗರ, ನೇಕಾರರ, ವರ್ತಕರ ಮನೆ. ಕೊನೆಗೆ ರಾಜಿಯಾಯಿತು: ಅಚ್ಯುತನಿಗೆ ಸಿಂಹಾಸನ, ರಾಮರಾಯನಿಗೆ ತನ್ನ ಸೀಮೆ.

ಹಾಗಾದರೆ ಎರಡು ಬಾರಿ ವಿಫಲನಾದವನು ಮರಳಿದ್ದು ಹೇಗೆ? 1542ರಲ್ಲಿ ಅಚ್ಯುತರಾಯ ತೀರಿಕೊಂಡ ಮೇಲೆ ಅವನ ಎಳೆಯ ಮಗ ವೆಂಕಟ ಪಟ್ಟಕ್ಕೆ ಬಂದನು. ಆಡಳಿತ ಸೋದರಮಾವನಾದ ಸಲಕರಾಜ ತಿರುಮಲನ ಕೈಸೇರಿತು. ಈ ತಿರುಮಲ ಪಟ್ಟದಾಸೆಗೆ ಸೋದರಳಿಯನನ್ನೇ ಕೊಲ್ಲಿಸಿದನು. ಊರೇ ಬೆಚ್ಚಿದ ಆ ಗಳಿಗೆಯಲ್ಲಿ ರಾಮರಾಯನು ಗುತ್ತಿಯ ಕೋಟೆಯಲ್ಲಿದ್ದ ಸದಾಶಿವನನ್ನು ಬಿಡಿಸಿ, ಅವನೇ ಸಾಮ್ರಾಟನೆಂದು ಸಾರಿದನು. ಹಿಂದೆ ಎದುರು ನಿಂತಂಥ ನಾಯಕರೇ ಈಗ ಬೆನ್ನಿಗೆ ನಿಂತರು. ಸಲಕರಾಜ ಮಡಿದನು, 1543ರಲ್ಲಿ ಸದಾಶಿವನಿಗೆ ಪಟ್ಟಾಭಿಷೇಕವಾಯಿತು.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಸೋತವನು ಮರಳುವುದು ತನ್ನ ಬಲದಿಂದ ಮಾತ್ರವಲ್ಲ, ಗೆದ್ದವರ ತಪ್ಪಿನಿಂದಲೂ ಹೌದು. 1980ರಲ್ಲಿಯೂ ಜನತಾ ಸರ್ಕಾರದ ಒಡಕೇ ಇಂದಿರಾ ಅವರಿಗೆ ಹಾದಿ ಸುಗಮಗೊಳಿಸಿತಲ್ಲವೆ? ಎರಡನೆಯದು, ರಾಮರಾಯ ಈ ಬಾರಿ ತನ್ನ ತಲೆಗೆ ಕಿರೀಟ ಕೇಳಲಿಲ್ಲ; ನ್ಯಾಯವಾದ ಹಕ್ಕುಳ್ಳವನ ಹೆಸರಿನ ಹಿಂದೆ ನಿಂತನು. ಜನ ಒಪ್ಪಿದ್ದು ಆ ಹಕ್ಕನ್ನು.

ಆದರೆ ಒಪ್ಪಿಗೆಯ ಷರತ್ತನ್ನು ಅವನು ಉಳಿಸಿಕೊಂಡನೆ? ಸದಾಶಿವ ಕ್ರಮೇಣ ಹೆಸರಿಗಷ್ಟೇ ಅರಸನಾದನು. ಅರಸನನ್ನು ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಮಾತ್ರ ಪ್ರಜೆಗಳಿಗೆ ತೋರಿಸುತ್ತಿದ್ದರೆಂದು 1567ರಲ್ಲಿ ಹಂಪೆಗೆ ಬಂದ ವೆನಿಸಿನ ಸೀಸರ್ ಫ್ರೆಡೆರಿಸಿ ಬರೆಯುತ್ತಾನೆ. ಇತ್ತ ರಾಮರಾಯ ಸುಲ್ತಾನರ ನಡುವಿನ ಜಗಳಗಳಲ್ಲಿ ಇಂದು ಒಬ್ಬನ, ನಾಳೆ ಇನ್ನೊಬ್ಬನ ಪಕ್ಷ ವಹಿಸುತ್ತ ಇಪ್ಪತ್ತೆರಡು ವರ್ಷ ನಡೆದನು. 1565ರ ಜನವರಿಯಲ್ಲಿ ಆ ಸುಲ್ತಾನರೇ ಒಂದಾದರು. ರಣದಲ್ಲಿ ಸೆರೆಸಿಕ್ಕ ಮುದುಕನ ತಲೆ ಉರುಳಿತು.

ಫ್ರೆಡೆರಿಸಿ ಇನ್ನೊಂದು ಮರಳುವಿಕೆಯ ಕಥೆಯನ್ನೂ ಹೇಳುತ್ತಾನೆ. ಪೆನುಗೊಂಡೆಗೆ ಹೋಗಿದ್ದ ರಾಮರಾಯನ ತಮ್ಮ ತಿರುಮಲ, ಪಾಳುಬಿದ್ದ ರಾಜಧಾನಿಗೆ ಬಂದು ಅದನ್ನು ಮತ್ತೆ ತುಂಬಲು ಯತ್ನಿಸಿದನಂತೆ. ಕುದುರೆ ತಂದರೆ ಒಳ್ಳೆಯ ಬೆಲೆ ಕೊಡುವೆನೆಂದು ವರ್ತಕರಿಗೆ ಹೇಳಿಕಳಿಸಿದನು. ಅವರು ತಂದ ಕುದುರೆಗಳನ್ನು ಇರಿಸಿಕೊಂಡು, ಹಣ ಕೊಡದೆ ಬರಿಗೈಯಲ್ಲಿ ಹಿಂದಟ್ಟಿದನು. ಊರು ಮತ್ತೆ ತುಂಬಲಿಲ್ಲ. ತಿರುಮಲನೂ ಪೆನುಗೊಂಡೆಗೇ ಹಿಂತಿರುಗಿದನು.

ಅಂದು ಅರಸನನ್ನು ಒಪ್ಪುವ ಬಿಡುವ ಮಾತು ನಾಯಕರದು, ಇಂದು ನಮ್ಮದು. ಸೋತವರು ಮತ್ತೆ ಬಂದು ಬಾಗಿಲು ತಟ್ಟುವುದು ತಪ್ಪಲ್ಲ. ಪ್ರಜಾಪ್ರಭುತ್ವದಲ್ಲಿ ಸೋಲು ಗಡೀಪಾರಿನ ಶಿಕ್ಷೆಯಲ್ಲ. ಆದರೆ ಎದುರಾಳಿ ಕೆಟ್ಟವನೆಂಬ ಒಂದೇ ಕಾರಣಕ್ಕೆ ಬಾಗಿಲು ತೆರೆಯುವವರು ಬಂದವನ ಕೈಯನ್ನೂ ನೋಡಬೇಕು. ಹಿಂದೆ ಕೊಂಡ ಕುದುರೆಗಳ ಹಣ ಆ ಕೈಯಲ್ಲಿದೆಯೇ ಎಂದು ಕೇಳಬೇಕು.