ಹುಳು ಸಾಕುವವರ ವಿದ್ಯೆ

ಬೈಂದೂರು, ಕುಂದಾಪುರ, ಬ್ರಹ್ಮಾವರ ಸೀಮೆಯ ಶಾಲೆ ಅಂಗನವಾಡಿಗಳಲ್ಲಿ ಗೊತ್ತುಮಾಡಿದ ದಿನದಂದು ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ, ಒಂದೊಂದು ಗುಳಿಗೆಯನ್ನು ಅಗಿಯಲು ಕೊಡುವುದನ್ನು ನೀವು ಕಂಡಿರಬಹುದು. ಅದು ಜಂತುಹುಳುವಿನ ಮದ್ದು, ಹೆಸರು ಆಲ್ಬೆಂಡಜೋಲ್. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂಬ ಈ ಏರ್ಪಾಡು ೨೦೧೫ರಲ್ಲಿ ಮೊದಲಾಯಿತು. ಎರಡು ವರ್ಷ ದಾಟಿದವರಿಗೆ ೪೦೦ ಮಿಲಿಗ್ರಾಂ, ಒಂದರಿಂದ ಎರಡು ವರ್ಷದೊಳಗಿನ ಕೂಸುಗಳಿಗೆ ಅದರ ಅರ್ಧ. ಗುಳಿಗೆ ಹೊಟ್ಟೆಗಿಳಿಯುತ್ತದೆ, ಒಳಗಿನ ಹುಳು ಸಾಯುತ್ತದೆ, ಮಗು ಮಾತ್ರ ಎಂದಿನಂತೆ ಆಟಕ್ಕೆ ಓಡುತ್ತದೆ. ಹುಳುವಿಗೆ ವಿಷವಾದದ್ದು ಮಗುವಿಗೇಕೆ ವಿಷವಾಗುವುದಿಲ್ಲ? ಇನ್ನೂ ಮುಖ್ಯವಾದ ಪ್ರಶ್ನೆ: ಇಂದು ಸಾಯುವ ಹುಳು ನಾಳೆಯೂ ಸಾಯುವುದೆಂದು ನಂಬಬಹುದೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದವರಲ್ಲಿ ಒಂದು ವಿಚಿತ್ರ ಪಂಗಡವಿದೆ. ಅವರು ಹುಳುಗಳನ್ನು ಕೊಲ್ಲುವವರಲ್ಲ, ಸಾಕುವವರು. ವಿಶ್ವವಿದ್ಯಾನಿಲಯಗಳ ಆನುವಂಶಿಕತಾ ಪ್ರಯೋಗಶಾಲೆಗಳಲ್ಲಿ ಹಗಲೆನ್ನದೆ ಇರುಳೆನ್ನದೆ ಹುಳುಗಳ ಬಾಣಂತನ ಮಾಡುವುದೇ ಅವರ ಕಸುಬು.

ಮೊದಲಿಗೆ ಒಂದು ತೊಡಕನ್ನು ತಿಳಿದುಕೊಳ್ಳಿ. ನಮ್ಮ ಕರುಳನ್ನು ಹಿಡಿಯುವ ಕೊಕ್ಕೆಹುಳುವನ್ನು ತಟ್ಟೆಯಲ್ಲಿಟ್ಟು ತಲೆಮಾರಿನಿಂದ ತಲೆಮಾರಿಗೆ ಸಾಕುವಂತಿಲ್ಲ. ಅದಕ್ಕೆ ಬದುಕಲು ಕರುಳೇ ಬೇಕು. ಆನೆಕಾಲು ರೋಗದ ಹುಳುವಿಗಾದರೋ ಸೊಳ್ಳೆಯೂ ಬೇಕು, ಮನುಷ್ಯನೂ ಬೇಕು. ಹೀಗಿರುವಾಗ ಅವುಗಳ ಒಳಗುಟ್ಟನ್ನು ಅರಿಯುವುದು ಹೇಗೆ? ಅದೇ ಕುಲಕ್ಕೆ ಸೇರಿದ, ಆದರೆ ಯಾರ ಹಂಗೂ ಇಲ್ಲದೆ ಬದುಕುವ ಒಬ್ಬ ಬಡ ನೆಂಟನನ್ನು ಹುಡುಕಿ ಅವನಿಂದ ಮನೆತನದ ಗುಟ್ಟನ್ನು ಕೇಳಿ ತಿಳಿಯಬೇಕು.

ಆ ನೆಂಟನ ಹೆಸರು ಸೀನೊರ್‌ಹ್ಯಾಬ್ಡೈಟಿಸ್ ಎಲಿಗನ್ಸ್. ಹೆಸರು ಉದ್ದ; ಮೈ ಮಾತ್ರ ಒಂದು ಮಿಲಿಮೀಟರು. ಕೊಳೆಯುವ ಹಣ್ಣು, ಎಲೆ, ದಂಟುಗಳಲ್ಲಿ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವ, ಯಾರಿಗೂ ಕೇಡು ಮಾಡದ ದುಂಡುಹುಳು ಇದು. ನಿಮ್ಮ ಹಿತ್ತಿಲಿನ ಗೊಬ್ಬರದ ಗುಂಡಿಯಲ್ಲಿಯೂ, ಹಲಸಿನ ಮರದಡಿಯ ತರಗೆಲೆಯ ರಾಶಿಯಲ್ಲಿಯೂ ಈ ದೊಡ್ಡ ಕುಲದ ಹುಳುಗಳು ಅಸಂಖ್ಯವಾಗಿವೆ. ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಇಂದು ಸಾಕುತ್ತಿರುವ ಮುಖ್ಯ ತಳಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಬಳಿ, ಅಣಬೆ ಬೆಳೆಯುವ ಗೊಬ್ಬರದಲ್ಲಿ ಸಿಕ್ಕಿದ್ದು.

ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು ಆರಂಭವಾದ ೧೯೬೩ರಲ್ಲಿಯೇ, ಅತ್ತ ಕೇಂಬ್ರಿಜ್ಜಿನಲ್ಲಿ ಸಿಡ್ನಿ ಬ್ರೆನ್ನರ್ ಎಂಬ ವಿಜ್ಞಾನಿ ತನ್ನ ಹಿರಿಯರಾದ ಮ್ಯಾಕ್ಸ್ ಪೆರುಟ್ಜ್ ಅವರಿಗೆ ಒಂದು ಪತ್ರ ಬರೆದನು. ಒಂದು ಪ್ರಾಣಿ ಹೇಗೆ ಬೆಳೆಯುತ್ತದೆ, ಅದರ ನರಮಂಡಲ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ತೀರ ಸರಳವಾದ ಪ್ರಾಣಿಯೊಂದನ್ನು ಹಿಡಿಯಬೇಕೆಂಬುದು ಅವನ ಬೇಡಿಕೆ. ಕಡೆಗೆ ಆರಿಸಿದ್ದು ಈ ಹುಳುವನ್ನು. ೧೯೭೪ರಲ್ಲಿ ಅದರ ಆನುವಂಶಿಕತೆಯ ಮೊದಲ ದೊಡ್ಡ ಲೇಖನ ಪ್ರಕಟವಾಯಿತು.

ಆಯ್ಕೆ ಸರಿಯಾಗಿತ್ತೆಂಬುದಕ್ಕೆ ಕಾರಣಗಳನ್ನು ನೋಡಿ. ಹುಳುವಿನ ಮೈ ಗಾಜಿನಂತೆ ಪಾರದರ್ಶಕ. ಕೊಯ್ಯದೆಯೇ ಒಳಗನ್ನು ಕಾಣಬಹುದು. ಬೆಳೆದ ಹುಳುವಿನ ದೇಹದಲ್ಲಿ ಇರುವುದು ೯೫೯ ಜೀವಕಣಗಳು. ಅವುಗಳಲ್ಲಿ ೩೦೨ ನರಕಣಗಳು. ಜಾನ್ ಸಲ್‌ಸ್ಟನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದ ಮುಂದೆ ಕುಳಿತು, ಒಂದೇ ಮೊಟ್ಟೆಯ ಕಣದಿಂದ ಈ ಎಲ್ಲ ಕಣಗಳೂ ಹೇಗೆ ಹುಟ್ಟಿದುವೆಂಬ ವಂಶವೃಕ್ಷವನ್ನೇ ಬರೆದರು. ೨೦೦೨ರಲ್ಲಿ ಬ್ರೆನ್ನರ್, ಸಲ್‌ಸ್ಟನ್, ರಾಬರ್ಟ್ ಹಾರ್ವಿಟ್ಜ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಇಂಥ ಪ್ರಯೋಗಶಾಲೆಯಲ್ಲಿ ದಿನ ಹೇಗೆ ಕಳೆಯುತ್ತದೆ? ಅಂಗೈಯಗಲದ ತಟ್ಟೆಗಳಲ್ಲಿ ಅಗರ್ ಎಂಬ ಕಡಲಪಾಚಿಯ ಗಂಜಿಯನ್ನು ಎರೆದು ಗಟ್ಟಿಮಾಡುತ್ತಾರೆ. ಅದರ ಮೇಲೆ ಬ್ಯಾಕ್ಟೀರಿಯಾದ ತೆಳುಪದರ ಬೆಳೆಸುತ್ತಾರೆ. ಅದೇ ಹುಳುಗಳ ಹುಲ್ಲುಗಾವಲು. ಕೂದಲಿನಷ್ಟು ತೆಳುವಾದ ಪ್ಲಾಟಿನಮ್ ತಂತಿಯ ತುದಿಯಿಂದ ಹುಳುವನ್ನು, ಚರ್ಮಕ್ಕೆ ಗಾಯವಾಗದಂತೆ, ಒಂದೊಂದಾಗಿ ಎತ್ತಿ ಬೇರೆ ತಟ್ಟೆಗೆ ಇಳಿಸಬೇಕು. ಹೊಸಬರಿಗೆ ಈ ಕೈಚಳಕ ಬರಲು ವಾರಗಳೇ ಬೇಕು. ಮಳೆಗಾಲದ ತೇವದಲ್ಲಿ ನಿಮ್ಮ ಹಪ್ಪಳಕ್ಕೆ ಬೂಸಲು ಹಿಡಿಯುವಂತೆ ಅವರ ತಟ್ಟೆಗೂ ಹಿಡಿಯುತ್ತದೆ. ಹುಳುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ೨೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರೂವರೆ ದಿನಕ್ಕೆ ಒಂದು ತಲೆಮಾರು. ಒಂದೊಂದಕ್ಕೆ ಮುನ್ನೂರರಷ್ಟು ಮರಿಗಳು. ಎಣಿಸುವ ದಿನ ತಪ್ಪಿದರೆ ತಾಯಿ ಯಾರು, ಮಗಳು ಯಾರು ಎಂಬುದೇ ತಿಳಿಯದು. ಒಂದು ಅನುಕೂಲ ಮಾತ್ರ ಉಂಟು: ಬೇಡವಾದಾಗ ಮರಿಗಳನ್ನು ಹೆಪ್ಪುಗಟ್ಟಿಸಿ ದ್ರವಸಾರಜನಕದಲ್ಲಿ ಇಟ್ಟರೆ, ವರ್ಷಗಳ ಮೇಲೆ ಕರಗಿಸಿದಾಗಲೂ ಎದ್ದು ಹರಿದಾಡುತ್ತವೆ.

ಇನ್ನು ನಮ್ಮ ಗುಳಿಗೆಯ ವಿಚಾರಕ್ಕೆ ಬರೋಣ. ಮದ್ದು ಬೆರೆಸಿದ ತಟ್ಟೆಯಲ್ಲಿ ಹುಳುವನ್ನು ಬಿಟ್ಟರೆ ಅದು ಸೊರಗಿ, ಚಲನೆ ಕುಂದಿ ಬಿದ್ದುಕೊಳ್ಳುತ್ತದೆ. ಪ್ರಯೋಗ ಮಾಡುವವರು ಮೊದಲು ಹುಳುಗಳಿಗೆ ರಾಸಾಯನಿಕವೊಂದನ್ನು ತಗುಲಿಸಿ, ಅವುಗಳ ಜೀನುಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಡುಕನ್ನು ಉಂಟುಮಾಡುತ್ತಾರೆ. ಈ ಹುಳುಗಳಲ್ಲಿ ಬಹುಪಾಲು ದ್ವಿಲಿಂಗಿಗಳು, ತಮ್ಮಿಂದ ತಾವೇ ಸಂತಾನ ಪಡೆಯತಕ್ಕವು. ಆದುದರಿಂದ ಅಡಗಿದ ಕೆಡುಕು ಮೊಮ್ಮಕ್ಕಳ ಕಾಲಕ್ಕೆ, ಎಂದರೆ ವಾರದೊಳಗೆ, ಹೊರಬೀಳುತ್ತದೆ. ಆ ಸಾವಿರಾರು ಮೊಮ್ಮಕ್ಕಳನ್ನು ಮದ್ದಿನ ತಟ್ಟೆಯ ಮೇಲೆ ಬಿಟ್ಟು ನೋಡುತ್ತಾರೆ. ಎಲ್ಲವೂ ಬಿದ್ದಿರುವಲ್ಲಿ ಒಂದೇ ಒಂದು ಹಾಯಾಗಿ ಹರಿದಾಡುತ್ತಿದ್ದರೆ, ಗುಟ್ಟು ಅದರ ಬಳಿ ಇದೆ! ಅದರ ಯಾವ ಜೀನು ಕೆಟ್ಟಿದೆಯೆಂದು ಹುಡುಕಿದರೆ ಮದ್ದಿನ ಗುರಿ ಯಾವುದೆಂದು ತಿಳಿಯುತ್ತದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮೋನಿಕಾ ಡ್ರಿಸ್ಕಾಲ್, ಮಾರ್ಟಿನ್ ಚಾಲ್ಫಿ ಮತ್ತು ಸಂಗಡಿಗರು ಹೀಗೆ ಹುಡುಕಿ ೧೯೮೯ರಲ್ಲಿ ಪ್ರಕಟಿಸಿದ ಜೀನಿನ ಹೆಸರು ಬೆನ್-೧. ಜೀವಕಣದೊಳಗೆ ನಮ್ಮ ಚಪ್ಪರಕ್ಕೆ ಅಡಿಕೆಯ ದಬ್ಬೆಗಳಿರುವಂತೆ ಸೂಕ್ಷ್ಮವಾದ ಕೊಳವೆಗಳಿವೆ. ಅವು ಟ್ಯೂಬುಲಿನ್ ಎಂಬ ಪ್ರೋಟೀನಿನ ಇಟ್ಟಿಗೆಗಳಿಂದ ಆದವು. ಆಲ್ಬೆಂಡಜೋಲಿನ ಜಾತಿಯ ಮದ್ದು ಈ ಇಟ್ಟಿಗೆಗೆ ಅಂಟಿಕೊಂಡು ಕೊಳವೆ ಕಟ್ಟದಂತೆ ಮಾಡುತ್ತದೆ. ಹುಳುವಿನಲ್ಲಿ ಟ್ಯೂಬುಲಿನ್ ತಯಾರಿಸುವ ಜೀನುಗಳು ಹಲವು. ಮದ್ದಿಗೆ ಮುಖ್ಯವಾಗಿ ಸಿಕ್ಕಿಬೀಳುವ ಇಟ್ಟಿಗೆ ಬೆನ್-೧ ಮಾಡಿದ್ದು. ಅದು ಇಲ್ಲದ ಹುಳು ಉಳಿದ ಇಟ್ಟಿಗೆಗಳಿಂದಲೇ ಕೆಲಸ ಸಾಗಿಸಿ ಬದುಕುತ್ತದೆ. ಮನುಷ್ಯನ ಇಟ್ಟಿಗೆಯ ಆಕಾರ ಕೊಂಚ ಬೇರೆ. ಮದ್ದು ಅದಕ್ಕೆ ಅಷ್ಟು ಬಿಗಿಯಾಗಿ ಹತ್ತುವುದಿಲ್ಲ. ಮೇಲಾಗಿ ಗುಳಿಗೆಯ ಬಹುಭಾಗ ರಕ್ತಕ್ಕೆ ಸೇರದೆ ಕರುಳಿನಲ್ಲಿಯೇ ಉಳಿಯುತ್ತದೆ. ಮಗು ಆಟಕ್ಕೆ ಓಡುವುದರ ರಹಸ್ಯ ಇದು.

ಆದರೆ ಇಲ್ಲಿಯೇ ಎಚ್ಚರಿಕೆಯ ಮಾತೂ ಅಡಗಿದೆ. ತಟ್ಟೆಯಲ್ಲಿ ಒಂದು ಹುಳು ಬದುಕಿ ಉಳಿದಂತೆ ಹೊಟ್ಟೆಯಲ್ಲಿಯೂ ಒಂದು ಉಳಿಯಬಹುದಲ್ಲವೇ? ಕುರಿಗಳ ಜಂತುಗಳಲ್ಲಿ ಹೀಗೆ ಆಗಿಹೋಗಿದೆ. ಹಲವು ದೇಶಗಳಲ್ಲಿ ಈ ಮದ್ದಿಗೆ ಅವು ಜಗ್ಗುವುದಿಲ್ಲ. ೧೯೯೫ರಲ್ಲಿ ಸಂಶೋಧಕರು ಕುರಿಯ ಜಂತುವಿನ ಟ್ಯೂಬುಲಿನ್ ಜೀನನ್ನು ತಂದು, ಬೆನ್-೧ ಕೆಟ್ಟಿದ್ದ ನಮ್ಮ ಹುಳುವಿನೊಳಗೆ ಸೇರಿಸಿದರು. ಮದ್ದಿಗೆ ಬಗ್ಗುವ ಜಂತುವಿನ ಜೀನು ಸೇರಿದಾಗ ಹುಳು ಮತ್ತೆ ಮದ್ದಿಗೆ ಸಿಕ್ಕಿತು. ಆ ಜೀನಿನ ಒಂದೇ ಒಂದು ಅಂಶವನ್ನು ಬದಲಿಸಿದಾಗ ಸಿಕ್ಕಲಿಲ್ಲ. ಮದ್ದು ಸೋಲಲು ಅಷ್ಟು ಸಣ್ಣ ಬದಲಾವಣೆ ಸಾಕು.

ಕರಾವಳಿಯ ಹಳಬರು ಕಂಡ ಆನೆಕಾಲು ರೋಗಕ್ಕೂ ಈ ಹುಳುವಿನ ಋಣವಿದೆ. ಆ ರೋಗದ ನಿವಾರಣೆಗೆ ಬಳಸುವ ಮದ್ದುಗಳಲ್ಲಿ ಒಂದಾದ ಐವರ್ಮೆಕ್ಟಿನ್ ದುಂಡುಹುಳುಗಳ ನರ ಸ್ನಾಯುಗಳಲ್ಲಿ ಯಾವ ಬಾಗಿಲನ್ನು ತೆರೆದಿಡುತ್ತದೆಂಬುದು ೧೯೯೪ರಲ್ಲಿ ತಿಳಿದದ್ದು ಈ ಹುಳುವಿನಿಂದಲೇ.

ಇವೆಲ್ಲ ದೂರದೇಶದ ಮಾತೆಂದು ಎಣಿಸಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಹುಳುವಿನ ಅಭ್ಯಾಸ ನಡೆದಿದೆ. ಅಲ್ಲಿ ವರ್ಷಾ ಸಿಂಗ್ ಅವರ ತಂಡ ೨೦೨೧ರಲ್ಲಿ ಪ್ರಕಟಿಸಿದ ಸಂಗತಿ ಸ್ವಾರಸ್ಯವಾದುದು: ರೋಗ ತರುವ ಬ್ಯಾಕ್ಟೀರಿಯಾವೊಂದು ಬೀರುವ ವಾಸನೆ ಮೂಗಿಗೆ ಬಿದ್ದೊಡನೆ ಹುಳು ದೂರ ಸರಿಯುತ್ತದೆ, ಅಷ್ಟೇ ಅಲ್ಲ, ಕಾಯಿಲೆ ತಗಲುವ ಮೊದಲೇ ಮೈಯೊಳಗಿನ ರಕ್ಷಣೆಯನ್ನು ಸಜ್ಜುಗೊಳಿಸುತ್ತದೆ. ಕವಿತಾ ಬಾಬು ಅವರ ತಂಡ ನರಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಬಗೆಯನ್ನು ಇದೇ ಹುಳುವಿನಲ್ಲಿ ಅಭ್ಯಸಿಸಿದೆ.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಸಂಪುಟಗಟ್ಟಲೆ ವಿಜ್ಞಾನವನ್ನು ಕನ್ನಡದಲ್ಲಿ ಬರೆದದ್ದು, ವಿದ್ಯೆ ಪ್ರಯೋಗಶಾಲೆಯ ಗೋಡೆಯೊಳಗೆ ಉಳಿಯಬಾರದೆಂದಲ್ಲವೇ? ಹಾಗೆ ಹೊರಬಂದ ವಿದ್ಯೆ ನಮಗೆ ಹೇಳುವುದಿಷ್ಟು. ಗುಳಿಗೆಯನ್ನು ಗೊತ್ತಾದ ದಿನ, ಗೊತ್ತಾದ ಅಳತೆಯಲ್ಲಿ ಕೊಡಿಸಿರಿ. ಹಟ್ಟಿಯ ಕರುವಿಗೂ ಆಡಿಗೂ ಅಂದಾಜಿನಲ್ಲಿ ಅರೆಬರೆ ಮದ್ದು ಹಾಕಬೇಡಿ; ಪಶುವೈದ್ಯರನ್ನು ಕೇಳಿ ತೂಕಕ್ಕೆ ತಕ್ಕಂತೆ ಹಾಕಿರಿ. ಅರೆಮದ್ದು ಬಲಹೀನ ಹುಳುವನ್ನು ಕೊಂದು, ಬಲವಾದುದನ್ನು ತಳಿಗೆ ಉಳಿಸುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಗುತ್ತದೆ. ನೆರಳು, ತೇವ, ಮರಳುಮಣ್ಣು ಅದಕ್ಕೆ ಪ್ರಿಯ. ನಮ್ಮ ತೋಟಗಳಲ್ಲಿ ಈ ಮೂರಕ್ಕೂ ಕೊರತೆಯಿಲ್ಲ. ಅದು ಹೀರುವ ರಕ್ತದಿಂದ ಮಕ್ಕಳೂ ಬಸುರಿಯರೂ ಬಿಳಿಚಿಕೊಳ್ಳುತ್ತಾರೆ. ಆದುದರಿಂದ ಕಾಲಿಗೆ ಚಪ್ಪಲಿ, ಮನೆಗೆ ಶೌಚಾಲಯ, ಊಟಕ್ಕೆ ಮುಂಚೆ ಸಾಬೂನಿನಿಂದ ಕೈತೊಳೆಯುವುದು — ಇವಕ್ಕೆ ಎದುರಾಗಿ ನಿಲ್ಲುವ ಜೀನನ್ನು ಯಾವ ಹುಳುವೂ ಸುಲಭವಾಗಿ ಪಡೆಯಲಾರದು.