ನೋವಿಲ್ಲದ ಗಾಯವೇ ಅಪಾಯ

ಅಂಗಾಲಿಗೆ ಮುಳ್ಳು ಹೊಕ್ಕಿದ್ದು ಗೊತ್ತೇ ಆಗಲಿಲ್ವಾ? ಅದು ಗಟ್ಟಿ ಪಾದ ಅಲ್ಲ. ಸಕ್ಕರೆ ಕಾಯಿಲೆ ಇರಬಹುದು, ನೋಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಇಂದಿಗೂ ಎಷ್ಟೋ ಜನ ದುಡಿಯೋದು ಬರಿಗಾಲಲ್ಲಿ, ಇಲ್ಲವೇ ಹವಾಯಿ ಚಪ್ಪಲಿಯಲ್ಲಿ. ಮಳೆಗಾಲದಲ್ಲಿ ಉಂಬಳ, ಕೆಸರು, ಸೊಪ್ಪಿನಡಿ ಮುಳ್ಳು, ಕೈಜಾರಿದರೆ ಕತ್ತಿ.

ಸಕ್ಕರೆ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಪಾದದ ನರ ಸೋಲುತ್ತದೆ, ರಕ್ತಸಂಚಾರ ಕುಗ್ಗುತ್ತದೆ. ನೋವಿಲ್ಲ ಅಂತ ಬಿಟ್ಟ ಗಾಯ ಕೀವಾಗಿ ಮೂಳೆಗಿಳಿದರೆ ಬೆರಳನ್ನೇ ಕತ್ತರಿಸಬೇಕಾದೀತು.

ತೋಟಕ್ಕೆ ಗಂಬೂಟು ಹಾಕಿ, ಒಳಗೆ ಒಣಗಿದ ಹತ್ತಿ ಕಾಲುಚೀಲ. ಮೊದಲು ಬೂಟು ಕೊಡವಿ. ಒಳಗೆ ಕಲ್ಲೋ ಚೇಳೋ ಇದ್ದೀತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪ್ಯಾಂಟು ಬೂಟಿನ ಹೊರಗಿರಲಿ, ಆಗ ಅದು ಒಳಗಿಳಿಯದು.

ಸಂಜೆ ಕಾಲು ತೊಳೆದು ಬೆರಳ ಸಂದಿ ಒರೆಸಿ. ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ಬಚ್ಚಲ ಬಿಸಿನೀರಿಗೆ ಮೊದಲು ಮೊಣಕೈ, ಆಮೇಲೆ ಕಾಲು. ಒಲೆ ಮುಂದೆ ಪಾದ ಕಾಯಿಸಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ.

ಗಾಯ, ಊತ, ಚರ್ಮ ಕಪ್ಪಾಗೋದು, ಯಾವುದು ಕಂಡರೂ ಅದೇ ದಿನ ತಾಲೂಕು ಆಸ್ಪತ್ರೆಗೆ ಹೋಗಿ. ಶಿರಸಿಯವರಿಗೆ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ. ಸಕ್ಕರೆ ಇದ್ದವರು ವರ್ಷಕ್ಕೊಮ್ಮೆ ಪಾದದ ಸ್ಪರ್ಶ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ.

ತೋಟದ ಯಜಮಾನರೇ, ಆಳಿಗೆ ಕತ್ತಿ ಕೊಡುವಾಗ ಒಂದು ಜೊತೆ ಬೂಟನ್ನೂ ಕೊಡಿ.