ಗರತಿಗೆ ಗಂಡುರೂಪ ಯಾವುದು?

ಬೂದಿಕೋಟೆಯ ಮದುವೆಮನೆಗಳಲ್ಲಿ ತಾಳಿ ಕಟ್ಟಿದ ಮೇಲೆ ಪುರೋಹಿತರು ಜೋಡಿಯನ್ನು ಹೊರಗೆ ಕರೆತಂದು ನಡುಹಗಲಲ್ಲೇ ಆಕಾಶ ತೋರಿಸುತ್ತಾರೆ. ಅರಿಶಿನದ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಹುಡುಗಿ ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಾಳೆ. ‘ಕಾಣಿಸ್ತೇನಮ್ಮ ಅರುಂಧತಿ?’ ಇಬ್ಬರೂ ತಲೆ ಎತ್ತಿದ್ದರೂ ಪ್ರಶ್ನೆ ಅವಳಿಗೆ. ಧರ್ಮ, ಅರ್ಥ, ಕಾಮಗಳಲ್ಲಿ ಇವಳನ್ನು ಮೀರಿ ನಡೆಯೆನೆಂದು ‘ನಾತಿಚರಾಮಿ’ ಹೇಳಿದವನು ಮಾತ್ರ ಅವನು.

ಮಾತು ಕೊಟ್ಟವನು ಗಂಡು, ಲೆಕ್ಕ ಒಪ್ಪಿಸುವವಳು ಹೆಣ್ಣು ಎಂದು ಆದದ್ದು ಹೇಗೆ? ನಮ್ಮ ನುಡಿಯಲ್ಲೇ ‘ಗರತಿ’ಗೆ ಗಂಡುರೂಪವಿಲ್ಲ. ಕೆಸರು ಕಂಡಲ್ಲಿ ತುಳಿದು ನೀರು ಕಂಡಲ್ಲಿ ತೊಳೆದುಕೊಳ್ಳುವವನೆಂದು ಗಂಡಸಿಗೆ ಗಾದೆಯೇ ರಿಯಾಯಿತಿ ಕೊಟ್ಟಿದೆ.

ಬ್ರಿಟಿಷರ ಕಾನೂನು ಅದಕ್ಕೆ ಮೊಹರು ಒತ್ತಿತು. ಮೆಕಾಲೆಯ 1837ರ ಕರಡಿನಲ್ಲಿ ವ್ಯಭಿಚಾರ ಅಪರಾಧವಾಗಿರಲಿಲ್ಲ. 1860ರ ದಂಡಸಂಹಿತೆಯಲ್ಲಿ 497ನೇ ಕಲಮಾಗಿ ಬಂದು ಕೂತಿತು. ಪರರ ಹೆಂಡತಿಯನ್ನು ಕೂಡಿದವನಿಗೆ 5 ವರ್ಷದವರೆಗೆ ಸಜೆ. ಅವಳ ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ! ತನ್ನ ಗಂಡ ದಾರಿ ತಪ್ಪಿದನೆಂದು ಹೆಂಡತಿ ದೂರು ಕೊಡುವಂತೆಯೂ ಇರಲಿಲ್ಲ. ಇದನ್ನು ನಿಷ್ಠೆಯ ಕಾನೂನು ಎನ್ನಲು ನನಗೆ ಬಾಯಿ ಬಾರದು. ಹೊಲಕ್ಕೆ ಪರರ ದನ ನುಗ್ಗಿದರೆ ಒಡೆಯ ಕೊಡುವ ದೂರು ಅದು.

ಪಕ್ಕದ ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ಕ್ರೈಸ್ತ ಕುಟುಂಬಗಳು ಬಹಳ. ಅವರಿಗೆ ಅನ್ವಯಿಸಿದ್ದು 1869ರ ವಿಚ್ಛೇದನ ಕಾಯ್ದೆ. ಹೆಂಡತಿಯ ಪರಸಂಗವೊಂದೇ ಸಾಕು, ಗಂಡನಿಗೆ ಬಿಡುಗಡೆ. ಹೆಂಡತಿಗಾದರೆ ಗಂಡನ ಪರಸಂಗವೊಂದೇ ಸಾಲದು. ಜೊತೆಗೆ ಅವನ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ ರುಜುವಾತು ಮಾಡಬೇಕಿತ್ತು. ಈ ತಾರತಮ್ಯ ಕಳೆದದ್ದು 2001ರಲ್ಲಿ, ಚಿನ್ನದ ಗಣಿ ಮುಚ್ಚಿದ ವರ್ಷವೇ.

497 ಇನ್ನೂ ಗಟ್ಟಿಯಾಗಿ ನಿಂತಿತ್ತು. 1985ರಲ್ಲಿ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅದನ್ನು ಎತ್ತಿಹಿಡಿದಿದ್ದರು. 2018ರ ಸೆಪ್ಟೆಂಬರ್ 27ರಂದು ಅದನ್ನು ರದ್ದು ಮಾಡಿದ ಐವರ ಪೀಠದಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಇದ್ದರು. ಹೆಂಡತಿ ಗಂಡನ ಸೊತ್ತಲ್ಲ ಎಂಬುದೇ ತೀರ್ಪಿನ ತಿರುಳು. ಪರಸಂಗ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ, ಇಬ್ಬರಿಗೂ ಸಮವಾಗಿ. ಆದರೂ ವಿವಾಹಿತೆಯನ್ನು ಪುಸಲಾಯಿಸಿ ಕರೆದೊಯ್ಯುವ ಹಳೆಯ ಅಪರಾಧ ಹೊಸ ನ್ಯಾಯ ಸಂಹಿತೆಯ 84ನೇ ಕಲಮಿನಲ್ಲಿ ಹಾಗೇ ಇದೆ. ಪುಸಲಾಯಿಸಿದರೆ ಹೋಗಿಬಿಡುವವಳು ಹೆಣ್ಣು ಎಂಬ ನಂಬಿಕೆ ಎಷ್ಟು ಆಳಕ್ಕಿಳಿದಿದೆ!

ಗಣಿ ಮುಚ್ಚಿದ ಮೇಲೆ ಈ ಸೀಮೆಯ ಗಂಡಸರು, ಹೆಂಗಸರು ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಸಂಜೆಯ ರೈಲು ತಡವಾದ ದಿನ ಅತ್ತೆ ಬಾಗಿಲಲ್ಲೇ ನಿಂತಿರುತ್ತಾಳೆ. ಮಗನಿಗೆ, ‘ಸುಸ್ತಾಯ್ತೇನಪ್ಪ, ಕಾಲು ತೊಳ್ಕೊಂಡು ಬಾ.’ ಸೊಸೆಗೆ, ‘ಯಾಕಮ್ಮ ಇಷ್ಟು ಹೊತ್ತು?’

ಇಬ್ಬರೂ ಇಳಿದದ್ದು ಒಂದೇ ರೈಲಿನಿಂದ.